ವಾಲಿಬಾಲ್‌ಗೆ ಆ್ಯಂಕಲ್ ಬ್ರೇಸ್: ಎಲಾಸ್ಟಿಕ್, ಟೇಪ್, ಲೇಸ್, ಹಿಂಜ್ — ಯಾರಿಗೆ ಯಾವುದು?

ಮೆಡಿಕಲ್ ಶಾಪಿನಲ್ಲಿ ಇನ್ನೂರು ರೂಪಾಯಿಗೆ ಸಿಗುವ ಎಲಾಸ್ಟಿಕ್ ಪಟ್ಟಿ, ಸ್ಪೋರ್ಟ್ಸ್ ಅಂಗಡಿಯ ವೆಲ್ಕ್ರೋ ಬೈಂಡರ್, ಆನ್‌ಲೈನಿನಲ್ಲಿ ಸಾವಿರಾರು ರೂಪಾಯಿ ತೋರಿಸುವ ಪ್ಲಾಸ್ಟಿಕ್ ಹಿಂಜ್ ಬ್ರೇಸ್. ಮೂರರ ಡಬ್ಬಿಯ ಮೇಲೂ ‘ಆ್ಯಂಕಲ್ ಸಪೋರ್ಟ್’ ಎಂದೇ ಬರೆದಿರುತ್ತದೆ, ಮಾಡುವ ಕೆಲಸ ಮಾತ್ರ ಬೇರೆ ಬೇರೆ. ಒಂದು ಊತ ಹಿಡಿದಿಡುತ್ತದೆ, ಒಂದು ನಡೆಯುವಾಗ ಧೈರ್ಯ ಕೊಡುತ್ತದೆ, ಇನ್ನೊಂದು ಬ್ಲಾಕ್ ಮುಗಿಸಿ ಯಾರದೋ ಪಾದದ ಮೇಲೆ ಇಳಿದಾಗ ಕಾಲು ಮಡಚದಂತೆ ತಡೆಯುತ್ತದೆ. ವಾಲಿಬಾಲ್ ಆಡುವವರಿಗೆ ಬೇಕಾದ್ದು ಈ ಕೊನೆಯದು. ಅದನ್ನೇ ಅಳತೆಗೋಲು ಮಾಡಿಕೊಂಡರೆ ಅರ್ಧ ಗೊಂದಲ ಅಲ್ಲೇ ಕಳೆಯುತ್ತದೆ.

ಕಾಲು ಉಳುಕುವುದು ಎಲ್ಲಿ, ಹೇಗೆ

ನಮ್ಮ ಆಟದಲ್ಲಿ ಕಾಲು ಉಳುಕುವ ಜಾಗ ಹೆಚ್ಚಾಗಿ ಒಂದೇ: ನೆಟ್‌ನ ಕೆಳಗೆ. ಸ್ಮ್ಯಾಶ್ ಹೊಡೆದವರು ಮುಂದಕ್ಕೆ ಹಾರಿ ನಡುಗೆರೆಯ ಹತ್ತಿರ ಇಳಿಯುತ್ತಾರೆ, ಎದುರಿನ ಬ್ಲಾಕರ್ ಕೂಡ ಅದೇ ಹೊತ್ತಿಗೆ ಅಲ್ಲೇ ಇಳಿಯುತ್ತಾರೆ. ನಡುಗೆರೆಯ ಅಗಲ 5 ಸೆಂ.ಮೀ. ಪಾದದ ಒಂದಿಷ್ಟು ಭಾಗ ಆ ಗೆರೆಯ ಮೇಲೋ ಅದರ ನೇರಕ್ಕೋ ಇದ್ದರೆ ಉಳಿದದ್ದು ಆಚೆ ದಾಟಿದ್ದರೂ ನಿಯಮದ ಪ್ರಕಾರ ಫೌಲ್ ಅಲ್ಲ. ಹಾಗಾಗಿ ಎರಡೂ ತಂಡದ ಪಾದಗಳು ಒಂದೇ ಜಾಗಕ್ಕೆ ಬೀಳುತ್ತವೆ. ಇಬ್ಬರು ಸೇರಿ ಬ್ಲಾಕ್ ಹಾಕುವಾಗ ಪಕ್ಕದ ಜೊತೆಗಾರರ ಕಾಲು ತುಳಿಯುವುದೂ ಉಂಟು.

ಗಾಳಿಯಲ್ಲಿದ್ದಾಗ ಪಾದದ ತುದಿ ಕೆಳಗೆ ಬಾಗಿ ಸ್ವಲ್ಪ ಒಳಕ್ಕೆ ತಿರುಗಿರುತ್ತದೆ. ಹಾಗೇ ಯಾರದೋ ಶೂ ಮೇಲೆ ಇಳಿದರೆ ಪಾದದ ಹೊರ ಅಂಚು ಮೊದಲು ತಾಗಿ, ಅಂಗಾಲು ಒಳಮುಖವಾಗಿ ಮಡಚುತ್ತದೆ. ಹೊರಗಂಟಿನ ಮುಂದಿರುವ ಸಣ್ಣ ಲಿಗಮೆಂಟ್ (ಮೂಳೆಗೆ ಮೂಳೆಯನ್ನು ಬಿಗಿದಿಡುವ ನಾರು) ಮೊದಲು ಹರಿಯುವುದು ಅದಕ್ಕೇ. ಬ್ರೇಸ್ ತಡೆಯಬೇಕಾದ್ದು ಈ ಒಳಮಡಚನ್ನು. ಪಾದ ಮೇಲೆ ಕೆಳಗೆ ಆಡುವುದನ್ನು ತಡೆಯಬಾರದು, ಜಿಗಿತದ ಬಲ ಬರುವುದೂ ಇಳಿಯುವಾಗ ಹೊಡೆತ ತಗ್ಗುವುದೂ ಆ ಚಲನೆಯಿಂದಲೇ.

ಮೊದಲು ನಿಮ್ಮ ಬಗ್ಗೆ ನಾಲ್ಕು ಪ್ರಶ್ನೆ

ಹಿಂದೆ ಕಾಲು ಉಳುಕಿದೆಯೇ, ಎಷ್ಟು ತಿಂಗಳಾಯಿತು? ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಇದು. ಒಮ್ಮೆ ಉಳುಕಿದ ಕಾಲು ಮತ್ತೆ ಉಳುಕುವ ಸಂಭವ ಹೆಚ್ಚು, ಅದರಲ್ಲೂ ಮೊದಲ ಆರರಿಂದ ಹನ್ನೆರಡು ತಿಂಗಳು. ಬ್ರೇಸ್‌ನಿಂದ ಪ್ರಯೋಜನ ಸಿಗುತ್ತದೆ ಎಂಬುದಕ್ಕೆ ಅತಿ ಗಟ್ಟಿ ಆಧಾರ ಇರುವುದೂ ಇಂಥವರ ವಿಷಯದಲ್ಲೇ. ಹಾಗೆಂದು ಉಳುಕದ ಕಾಲಿಗೆ ಬ್ರೇಸ್ ದಂಡ ಎನ್ನುವಂತಿಲ್ಲ. ಅಮೆರಿಕದ 1,460 ಹೈಸ್ಕೂಲ್ ಬ್ಯಾಸ್ಕೆಟ್‌ಬಾಲ್ ಆಟಗಾರರ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಲೇಸ್ ಬ್ರೇಸ್ ಹಾಕಿದವರಲ್ಲಿ ಆ್ಯಂಕಲ್ ಗಾಯಗಳ ಪ್ರಮಾಣ ಹಾಕದವರ ಮೂರನೇ ಒಂದರಷ್ಟಿತ್ತು. ಹಿಂದೆ ಉಳುಕಿದವರು, ಉಳುಕದವರು ಎರಡೂ ಗುಂಪಿನಲ್ಲಿ ಲಾಭ ಕಂಡಿತು. ಆದರೆ ಗಾಯ ಆದಾಗ ಅದರ ತೀವ್ರತೆ ಕಡಿಮೆಯಾಗಿರಲಿಲ್ಲ. ಬ್ರೇಸ್ ಹಾಕಿದ್ದೇನೆಂದು ನೆಟ್‌ನಡಿ ಅಜಾಗರೂಕತೆ ಬೇಡ ಎಂಬುದಕ್ಕೆ ಇದಿಷ್ಟು ಸಾಕು.

ಎರಡನೆಯದು, ಅಂಕಣದಲ್ಲಿ ನಿಮ್ಮ ಜಾಗ ಯಾವುದು? ಮಿಡಲ್ ಬ್ಲಾಕರ್‌ಗೂ ಹಿಂದಿನ ಸಾಲಿನಲ್ಲಿ ಡಿಫೆನ್ಸ್ ಮಾತ್ರ ಆಡುವ ಲಿಬೆರೊಗೂ ಒಂದೇ ಉತ್ತರ ಇರಲಾರದು. ಮೂರನೆಯದು ಶೂ ಮತ್ತು ನೆಲ. ಇದನ್ನು ಬಹಳ ಜನ ಮರೆಯುತ್ತಾರೆ, ಆಮೇಲೆ ಬ್ರೇಸ್ ಶೂ ಒಳಗೆ ಹೋಗುವುದಿಲ್ಲ. ನಾಲ್ಕನೆಯದು ವರ್ಷದ ಲೆಕ್ಕದಲ್ಲಿ ಖರ್ಚು. ಕೊಳ್ಳುವ ದಿನದ ಬೆಲೆಯೊಂದನ್ನೇ ನೋಡಿದರೆ ಟೇಪ್ ಅಗ್ಗ ಅನಿಸುತ್ತದೆ, ಅಗ್ಗವಲ್ಲ.

ಎಲಾಸ್ಟಿಕ್ ಮತ್ತು ನಿಯೋಪ್ರಿನ್ ಪಟ್ಟಿ

ಬೆಲೆ ಸುಮಾರು 150ರಿಂದ 500 ರೂಪಾಯಿ. ಬೆಚ್ಚಗಿರುತ್ತದೆ, ಸಣ್ಣ ಊತವನ್ನು ಹಿಡಿದಿಡುತ್ತದೆ, ಪಾದ ಎಲ್ಲಿದೆ ಎಂಬ ಅರಿವು ತುಸು ಹೆಚ್ಚುತ್ತದೆ. ಅಷ್ಟೇ. ಅಂಗಡಿಯಲ್ಲೇ ಪರೀಕ್ಷಿಸಬಹುದು: ಪಟ್ಟಿ ಹಾಕಿಕೊಂಡು ಕುಳಿತು, ಕೈಯಿಂದ ಅಂಗಾಲನ್ನು ಒಳಕ್ಕೆ ಮಡಚಿ ನೋಡಿ. ಪಟ್ಟಿ ಇಲ್ಲದಾಗ ಎಷ್ಟು ಮಡಚುತ್ತದೋ ಹೆಚ್ಚುಕಡಿಮೆ ಅಷ್ಟೇ ಮಡಚುತ್ತದೆ. ಕೈಬಲಕ್ಕೇ ನಿಲ್ಲದ್ದು ಇಡೀ ದೇಹದ ಭಾರಕ್ಕೆ ನಿಲ್ಲದು. ಎಂಟರ ಆಕಾರದಲ್ಲಿ ಸುತ್ತುವ ಎಲಾಸ್ಟಿಕ್ ಬೈಂಡರ್ ಇದಕ್ಕಿಂತ ಸ್ವಲ್ಪ ಮೇಲು. ಆದರೂ ಎಲಾಸ್ಟಿಕ್ ಎಂದರೆ ಹಿಗ್ಗುವುದೇ. ಹಿಂದೆ ಉಳುಕಿದ ಕಾಲಿಗೆ ಇದನ್ನೇ ನಂಬಿ ಬ್ಲಾಕ್‌ಗೆ ಹಾರಬೇಡಿ.

ಬಣ್ಣಬಣ್ಣದ ಕಿನೆಸಿಯೊ ಟೇಪ್ ಕೂಡ ಹಿಗ್ಗುವ ವಸ್ತುವೇ. ಟಿವಿಯಲ್ಲಿ ಆಟಗಾರರ ಭುಜ, ಮಂಡಿಗಳ ಮೇಲೆ ಕಾಣುವ ಅದಕ್ಕೂ ಕಾಲು ಮಡಚುವುದನ್ನು ತಡೆಯುವುದಕ್ಕೂ ಸಂಬಂಧವಿಲ್ಲ.

ಗಟ್ಟಿ ಟೇಪ್

ಹಿಗ್ಗದ ಜಿಂಕ್ ಆಕ್ಸೈಡ್ ಟೇಪನ್ನು ಗೊತ್ತಿದ್ದವರು ಸುತ್ತಿದರೆ ಮೊದಲ ಹತ್ತು ಹದಿನೈದು ನಿಮಿಷ ಅದರಷ್ಟು ಒಪ್ಪವಾಗಿ ಕೂರುವ ಬ್ರೇಸ್ ಇಲ್ಲ. ಯಾವ ಶೂಗಾದರೂ ಸೈ. ತೊಂದರೆ ಅಲ್ಲಿಂದಾಚೆ. ಬೆವರು, ಜಿಗಿತ, ಓಟಕ್ಕೆ ಟೇಪ್ ಸಡಿಲವಾಗುತ್ತಾ ಹೋಗಿ, ಅರ್ಧ ಗಂಟೆಯೊಳಗೆ ಹಿಡಿತದ ದೊಡ್ಡ ಪಾಲು ಹೋಗಿರುತ್ತದೆ. ವಾರ್ಮ್‌ಅಪ್‌ಗೆ ಮೊದಲೇ ಸುತ್ತಿದ್ದರೆ ಎರಡನೇ ಸೆಟ್ ಹೊತ್ತಿಗೆ ಅದು ಬರೀ ಅಂಟಿಕೊಂಡಿರುತ್ತದೆ. ಬ್ರೇಸ್ ಆದರೆ ಟೈಮ್‌ಔಟ್‌ನಲ್ಲಿ ಎಳೆದು ಬಿಗಿ ಮಾಡಿಕೊಳ್ಳಬಹುದು.

ಖರ್ಚು ನೋಡಿ. ಸರಿಯಾಗಿ ಸುತ್ತಿದರೆ ಒಂದು ಕಾಲಿಗೆ ಅರ್ಧ ರೋಲಿಗಿಂತ ಹೆಚ್ಚೇ ಬೇಕು. ಒಂದು ಸಲಕ್ಕೆ ಒಂದು ಕಾಲಿಗೆ ನೂರು ರೂಪಾಯಿ ಎಂದು ಹಿಡಿದರೂ ವಾರಕ್ಕೆ ನಾಲ್ಕು ದಿನ ಆಡುವವರಿಗೆ ತಿಂಗಳಿಗೆ 1,600 ಆಯಿತು. ಎರಡು ಮೂರು ತಿಂಗಳ ಟೇಪಿನ ದುಡ್ಡಿಗೆ ಒಳ್ಳೆಯ ಲೇಸ್ ಬ್ರೇಸ್ ಬರುತ್ತದೆ. ದಿನಾ ಅಂಟಿಸಿ ಕೀಳುವುದರಿಂದ ಚರ್ಮ ಕೆಂಪಾಗಿ ಸುಲಿಯುವುದು ಬೇರೆ. ತಂಡದ ಜೊತೆ ಫಿಸಿಯೊ ಇದ್ದು, ಫೈನಲ್‌ನಂಥ ಒಂದೆರಡು ಪಂದ್ಯಕ್ಕಾದರೆ ಟೇಪ್ ಸರಿ. ನೀವೇ ವಿಡಿಯೋ ನೋಡಿ ಸುತ್ತಿಕೊಳ್ಳುವುದಾದರೆ ಬೇಡ. ನೆರಿಗೆ ಬಿದ್ದಲ್ಲಿ ಬೊಬ್ಬೆ ಏಳುತ್ತದೆ, ಕಣಕಾಲಿನ ಹತ್ತಿರ ಬಿಗಿಯಾದರೆ ರಕ್ತ ಓಡಾಟಕ್ಕೇ ತೊಂದರೆ.

ಲೇಸ್ ಬ್ರೇಸ್

ಬಹುಪಾಲು ಆಟಗಾರರಿಗೆ ಸರಿಹೊಂದುವುದು ಇದೇ. ಗಟ್ಟಿ ನೈಲಾನ್ ಬಟ್ಟೆ, ಮುಂದೆ ಶೂ ಹಾಗೆ ಲೇಸ್, ಎರಡು ಪಕ್ಕದಲ್ಲಿ ತೆಳು ಪ್ಲಾಸ್ಟಿಕ್ ಅಥವಾ ಸ್ಪ್ರಿಂಗ್ ಕಡ್ಡಿ, ಅದರ ಮೇಲೆ ಎಂಟರ ಆಕಾರದಲ್ಲಿ ಸುತ್ತಿ ಹಿಮ್ಮಡಿಯನ್ನು ಕಚ್ಚಿ ಹಿಡಿಯುವ ಎರಡು ಪಟ್ಟಿ. ಎಎಸ್‌ಒ, ಮೆಕ್‌ಡೇವಿಡ್ 195 ಈ ಜಾತಿಯ ಹೆಸರಾದ ಮಾದರಿಗಳು. ಆಮದಾದವು ಒಂದು ಕಾಲಿಗೆ ಅಂದಾಜು 3,000ದಿಂದ 6,000 ರೂಪಾಯಿ. ಭಾರತದಲ್ಲೇ ತಯಾರಾಗುವ ಲೇಸ್ ಬ್ರೇಸ್‌ಗಳು ಸುಮಾರು 700ರಿಂದ 1,500ಕ್ಕೆ ಸಿಗುತ್ತವೆ.

ಅಗ್ಗದ್ದಕ್ಕೂ ದುಬಾರಿಯದ್ದಕ್ಕೂ ವ್ಯತ್ಯಾಸ ಎಲ್ಲಿದೆ? ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗಿ ನೋಡಿ. ಹಿಗ್ಗಿದರೆ ಬಿಟ್ಟುಬಿಡಿ. ಪಟ್ಟಿ ಹಿಗ್ಗಬಾರದು, ಲೇಸಿನ ತೂತುಗಳಿಗೆ ಲೋಹದ ಬಳೆಯೋ ದಪ್ಪ ಹೊಲಿಗೆಯೋ ಇರಬೇಕು, ಲೇಸನ್ನು ಮುಚ್ಚುವ ಮೇಲಿನ ಕಫ್‌ಗೆ ಅಗಲವಾದ ವೆಲ್ಕ್ರೋ ಇರಬೇಕು. ಇಷ್ಟಿದ್ದರೆ ಸಾವಿರ ರೂಪಾಯಿಯದ್ದೂ ಒಂದು ಸೀಸನ್ ಆರಾಮವಾಗಿ ಬರುತ್ತದೆ.

ಇದರ ಕೊರತೆಯೆಂದರೆ ಪಾದ ಮೇಲೆ ಕೆಳಗೆ ಆಡುವುದನ್ನೂ ತುಸು ಹಿಡಿಯುತ್ತದೆ. ಮೊದಲ ವಾರ ಜಿಗಿತ ಕಡಿಮೆಯಾಯಿತೆಂದು ಎಲ್ಲರಿಗೂ ಅನಿಸುತ್ತದೆ. ಅಳೆದು ನೋಡಿದ ಅಧ್ಯಯನಗಳಲ್ಲಿ ವ್ಯತ್ಯಾಸ ಇಲ್ಲ, ಇದ್ದರೂ ಅತ್ಯಲ್ಪ. ಹಾಕಿ ಬಿಚ್ಚಲು ಹೊತ್ತು ಹಿಡಿಯುತ್ತದೆ, ಬೆವರು ಹೀರಿ ಮಳೆಗಾಲದಲ್ಲಿ ಬೇಗ ವಾಸನೆ ಬರುತ್ತದೆ.

ಹಾಕುವ ಕ್ರಮ ತಪ್ಪಿದರೆ ಐದು ಸಾವಿರದ ಬ್ರೇಸೂ ಎಲಾಸ್ಟಿಕ್ ಪಟ್ಟಿಗೆ ಸಮ. ಕಣಕಾಲಿನವರೆಗೆ ಬರುವ ಕಾಲುಚೀಲವನ್ನು ಒಂದೂ ನೆರಿಗೆ ಇಲ್ಲದಂತೆ ಎಳೆದುಕೊಳ್ಳಿ. ಕುಳಿತು, ಹಿಮ್ಮಡಿಯನ್ನು ಬ್ರೇಸ್‌ನ ಹಿಂಬದಿಗೆ ಒತ್ತಿ, ಪಾದವನ್ನು ಕಾಲಿಗೆ 90 ಡಿಗ್ರಿಯಲ್ಲಿ ಇಟ್ಟುಕೊಳ್ಳಿ. ಪಾದ ಕೆಳಗೆ ಬಾಗಿದ್ದಾಗ ಕಟ್ಟಿದರೆ ಎದ್ದು ನಿಂತ ಕೂಡಲೇ ಮುಂದೆ ಒತ್ತುತ್ತದೆ, ಹಿಂದೆ ಸಡಿಲವಾಗುತ್ತದೆ. ಲೇಸನ್ನು ಬೆರಳಿನ ಕಡೆಯಿಂದ ಶುರುಮಾಡಿ, ಅಲ್ಲಿ ಸಡಿಲ, ಗಂಟಿನ ಹತ್ತಿರ ಬಿಗಿ. ಆಮೇಲೆ ಪಟ್ಟಿಗಳು: ಒಂದೊಂದನ್ನೂ ಪಾದದ ಮೇಲಿಂದ ಆಚೆ ಬದಿಗೆ ದಾಟಿಸಿ, ಅಂಗಾಲಿನ ಕೆಳಗೆ ತಂದು, ಶುರುವಾದ ಬದಿಯಲ್ಲೇ ಮೇಲಕ್ಕೆಳೆದು ಅಂಟಿಸಬೇಕು. ಕೊನೆಗೆ ಅಂಗಾಲಿನ ಕೆಳಗಿಂದ ಬಂದು ಹೊರಬದಿಯಲ್ಲಿ ಮೇಲೇರುವ ಪಟ್ಟಿಯನ್ನು ಹೆಚ್ಚು ಬಿಗಿಯಾಗಿ ಎಳೆಯಿರಿ. ಪಾದದ ಹೊರ ಅಂಚನ್ನು ಮೇಲೆತ್ತಿ ಹಿಡಿಯುವುದು, ಒಳಮಡಚು ತಡೆಯುವುದು ಆ ಪಟ್ಟಿಯೇ. ಎರಡೂ ಪಟ್ಟಿಯ ತುದಿ ಮೇಲೆ ಬಂದ ಮೇಲೆ ಕಫ್ ಸುತ್ತಿ ಮುಚ್ಚಿ. ಐದಾರು ಬಾರಿ ಜಿಗಿದು, ಮತ್ತೊಮ್ಮೆ ಪಟ್ಟಿ ಬಿಗಿ ಮಾಡಿ. ಮೊದಲ ಸೆಟ್ ಮುಗಿದಾಗ ಇನ್ನೊಮ್ಮೆ.

ಬೆರಳು ಜುಮ್ಮೆನ್ನುವುದು, ಪಾದದ ಮೇಲ್ಭಾಗ ಮರಗಟ್ಟುವುದು ಆದರೆ ಮೇಲಿನ ಲೇಸ್ ಅತಿ ಬಿಗಿಯಾಗಿದೆ ಎಂದರ್ಥ. ಸಡಿಲ ಮಾಡಿಯೂ ಹೋಗದಿದ್ದರೆ ಸೈಜ್ ಚಿಕ್ಕದು.

ಪಕ್ಕದ ಕವಚದ ಬ್ರೇಸ್ ಮತ್ತು ಹಿಂಜ್ ಬ್ರೇಸ್

ಎರಡು ಪ್ಲಾಸ್ಟಿಕ್ ಕವಚದ ಒಳಗೆ ಗಾಳಿ ಅಥವಾ ಜೆಲ್ ಮೆತ್ತೆ ಇರುವ ಸ್ಟಿರಪ್, ಉಳುಕಿದ ಮೊದಲ ವಾರಗಳಲ್ಲಿ ನಡೆಯಲು ಡಾಕ್ಟರ್ ಬರೆದುಕೊಡುವ ವಸ್ತು. ಆಟಕ್ಕೆ ಅದು ದಪ್ಪ, ಜಾರುತ್ತದೆ.

ಹಿಂಜ್ ಬ್ರೇಸ್ ಬೇರೆ. ಅಂಗಾಲಿನಡಿ ಬರುವ ತಟ್ಟೆ, ಎರಡು ಪಕ್ಕದಲ್ಲಿ ಗಟ್ಟಿ ಪ್ಲಾಸ್ಟಿಕ್ ತೋಳು, ಗಂಟಿನ ನೇರಕ್ಕೆ ಕೀಲು. ಪಾದ ಮೇಲೆ ಕೆಳಗೆ ಸಲೀಸಾಗಿ ಆಡುತ್ತದೆ, ಪಕ್ಕಕ್ಕೆ ಮಡಚುವುದಿಲ್ಲ. ಆ್ಯಕ್ಟಿವ್ ಆ್ಯಂಕಲ್ ಟಿ2 ಇದರ ಹಳೆಯ, ವಾಲಿಬಾಲ್‌ನಲ್ಲಿ ತುಂಬ ಬಳಕೆಯಲ್ಲಿರುವ ಮಾದರಿ. ಒಂದೇ ವೆಲ್ಕ್ರೋ ಇರುವುದರಿಂದ ಅರ್ಧ ನಿಮಿಷದಲ್ಲಿ ಹಾಕಿಕೊಳ್ಳಬಹುದು. ಮೇಲೆ ಹೇಳಿದ ಅಳತೆಗೋಲಿನಲ್ಲಿ ಇದಕ್ಕೇ ಹೆಚ್ಚು ಅಂಕ. ಹಾಗಿದ್ದರೆ ಎಲ್ಲರೂ ಇದನ್ನೇ ಏಕೆ ಕೊಳ್ಳಬಾರದು?

ಮೊದಲನೆಯದಾಗಿ, ಶೂ ಇಲ್ಲದೆ ಇದು ಕೆಲಸಕ್ಕೆ ಬಾರದು. ತಟ್ಟೆ ಶೂ ಒಳಗೆ ಗಟ್ಟಿಯಾಗಿ ಕೂತರೆ ಮಾತ್ರ ಹಿಡಿತ. ಒಳಗಿನ ಇನ್‌ಸೋಲ್ ತೆಗೆದು ತಟ್ಟೆ ಇಟ್ಟು, ಅದರ ಮೇಲೆ ಇನ್‌ಸೋಲ್ ಹಾಕಿದರೆ ಅಂಗಾಲಿಗೆ ಒತ್ತುವುದಿಲ್ಲ. ಆದರೂ ಶೂ ಅರ್ಧ ಸೈಜ್ ದೊಡ್ಡದು ಬೇಕಾಗಬಹುದು. ಎರಡನೆಯದಾಗಿ, ಗಂಟಿನ ಮೂಳೆಗೆ ಉಜ್ಜುತ್ತದೆ. ಉದ್ದದ ದಪ್ಪ ಕಾಲುಚೀಲ ಕಡ್ಡಾಯ. ಒಳಮೆತ್ತೆ ಸವೆದರೆ ಮೆತ್ತೆಯನ್ನಷ್ಟೇ ಬದಲಿಸುವ ಸೌಲಭ್ಯವಿದೆಯೇ ಎಂದು ಕೊಳ್ಳುವಾಗಲೇ ನೋಡಿ. ಮೂರನೆಯದು ಬೆಲೆ: ಆಮದು ಸುಂಕ, ಸಾಗಣೆ ಸೇರಿ ಒಂದು ಕಾಲಿಗೆ 5,000 ದಾಟುವುದು ಸಾಮಾನ್ಯ. ಜೊತೆಗೆ, ಡಿಫೆನ್ಸ್‌ನಲ್ಲಿ ನೆಲಕ್ಕೆ ಬಿದ್ದು ಉರುಳುವವರಿಗೆ ಗಟ್ಟಿ ಪ್ಲಾಸ್ಟಿಕ್ ಇನ್ನೊಂದು ಕಾಲಿಗೆ ಬಡಿಯುವುದುಂಟು.

ಲೇಸ್, ಹಿಂಜ್ ಎರಡರ ನಡುವೆ ಜಾಮ್ಸ್ಟ್ ಎ2-ಡಿಎಕ್ಸ್‌ನಂಥವು ಬರುತ್ತವೆ: ಕೀಲಿಲ್ಲ, ಪಕ್ಕದಲ್ಲಿ ಗಟ್ಟಿ ಆಸರೆ ಮತ್ತು ಪಟ್ಟಿಗಳು, ಎಡಕ್ಕೊಂದು ಬಲಕ್ಕೊಂದು ಬೇರೆ. ಹಿಡಿತ ಚೆನ್ನಾಗಿದೆ. ಬೆಲೆ ಮಾತ್ರ ಹಿಂಜ್ ಬ್ರೇಸ್‌ನ ಸಾಲಿನದೇ. ಆರ್ಡರ್ ಮಾಡುವಾಗ ಎಡ ಬಲ ನೋಡದೆ ತರಿಸಿ ವಾಪಸ್ ಕಳಿಸುವವರು ಬಹಳ.

ಶೂ, ನೆಲ, ಸೈಜ್

ಹೊನಲು ಬೆಳಕಿನ ಪಂದ್ಯಾವಳಿಗಳ ಮಣ್ಣಿನ ಅಂಕಣದಲ್ಲಿ ಬರಿಗಾಲಲ್ಲಿ ಆಡುವವರು ಇನ್ನೂ ಇದ್ದಾರೆ. ಅವರಿಗೆ ಹಿಂಜ್ ಬ್ರೇಸ್ ಸಾಧ್ಯವೇ ಇಲ್ಲ. ಲೇಸ್ ಬ್ರೇಸ್ ಹಾಕಿದರೆ ಅಂಗಾಲಿನ ಬಟ್ಟೆ ಜಾರುತ್ತದೆ, ಕೆಲವೇ ದಿನದಲ್ಲಿ ಹರಿಯುತ್ತದೆ. ಕೈಯಲ್ಲಿ 2,500 ರೂಪಾಯಿ ಇದ್ದರೆ ಮೊದಲು ಗಮ್ ಸೋಲ್‌ನ ಕೋರ್ಟ್ ಶೂ, ಉಳಿದದ್ದಕ್ಕೆ ನಮ್ಮಲ್ಲೇ ತಯಾರಾದ ಲೇಸ್ ಬ್ರೇಸ್ ಎಂಬುದೇ ಸರಿಯಾದ ಕ್ರಮ. ಹಿಮ್ಮಡಿ ಎತ್ತರದ, ಮೆತ್ತನೆಯ ರನ್ನಿಂಗ್ ಶೂ ಹಾಕಿ ಅದರೊಳಗೆ ದುಬಾರಿ ಬ್ರೇಸ್ ಹಾಕುವುದು ಉಲ್ಟಾ ಕೆಲಸ. ಪಾದ ನೆಲದಿಂದ ಮೇಲೇರಿದಷ್ಟೂ ಮಡಚುವುದು ಸುಲಭ. ಬ್ಯಾಡ್ಮಿಂಟನ್ ಶೂ ಆದೀತು.

ಮಣ್ಣಿನ ಧೂಳು ವೆಲ್ಕ್ರೋದ ಕೊಕ್ಕೆಯಲ್ಲಿ ತುಂಬಿ ಹಿಡಿತ ಕೊಲ್ಲುತ್ತದೆ, ಹಿಂಜ್‌ನ ಕೀಲಿಗೂ ಸೇರುತ್ತದೆ. ಧೂಳಿನ ಅಂಕಣದವರು ಲೇಸ್ ಇರುವುದನ್ನೇ ಆರಿಸಿ. ವೆಲ್ಕ್ರೋ ಸೋತರೂ ಲೇಸ್ ಹಿಡಿದಿರುತ್ತದೆ.

ಸೈಜ್ ಬಗ್ಗೆ ಒಂದು ಎಚ್ಚರ. ಒಂದು ಕಂಪನಿ ಗಂಟಿನ ಮೇಲಿನ ಸುತ್ತಳತೆ ಕೇಳುತ್ತದೆ, ಇನ್ನೊಂದು ಹಿಮ್ಮಡಿಯಿಂದ ಪಾದದ ಮುಂಭಾಗಕ್ಕೆ ಓರೆಯಾಗಿ ಸುತ್ತಿದ ಅಳತೆ, ಮತ್ತೊಂದು ಶೂ ಸೈಜ್. ಒಂದರ ‘ಮೀಡಿಯಂ’ ಇನ್ನೊಂದರ ‘ಮೀಡಿಯಂ’ ಅಲ್ಲ. ಶೂ ಸೈಜ್ ಕೇಳಿದರೆ ಅದು ಅಮೆರಿಕದ್ದೋ ಬ್ರಿಟನ್ನಿನದೋ ನೋಡಿ. ಇಲ್ಲಿ ಅಂಗಡಿಯಲ್ಲಿ 8 ಎಂದು ಕೊಳ್ಳುವ ಗಂಡಸರ ಶೂ ಅಮೆರಿಕದ ಲೆಕ್ಕದಲ್ಲಿ 9. ಹೆಂಗಸರದಾದರೆ ಎರಡರಷ್ಟು ವ್ಯತ್ಯಾಸ. ಅಳತೆಯನ್ನು ಸಂಜೆ, ಆಡುವ ಕಾಲುಚೀಲದ ಮೇಲೆ ತೆಗೆಯಿರಿ. ಉಳುಕಿದ ಕಾಲಿನ ಊತ ಪೂರ್ತಿ ಇಳಿಯದಿದ್ದರೆ ಈಗ ಅಳೆದು ಕೊಂಡ ಬ್ರೇಸ್ ಮೂರು ವಾರಕ್ಕೆ ಸಡಿಲವಾಗುತ್ತದೆ.

ಯಾರು ಏನು ಕೊಳ್ಳಬೇಕು

ಮಿಡಲ್ ಬ್ಲಾಕರ್, ಕಳೆದ ವರ್ಷದೊಳಗೆ ಕಾಲು ಉಳುಕಿದೆ, ಒಳಾಂಗಣದಲ್ಲಿ ಒಳ್ಳೆಯ ಶೂ ಹಾಕಿ ಆಡುತ್ತಾರೆ: ಹಿಂಜ್ ಅಥವಾ ಗಟ್ಟಿ ಪಕ್ಕದ ಬ್ರೇಸ್. ಒಂದೇ ಕಾಲಿಗೆ ದುಡ್ಡಿದ್ದರೆ ಉಳುಕಿದ ಕಾಲಿಗೇ. ಇನ್ನೊಂದಕ್ಕೆ ಸಾವಿರದ ಲೇಸ್ ಬ್ರೇಸ್ ಸಾಕು, ಎರಡೂ ಒಂದೇ ಜಾತಿಯದಾಗಬೇಕೆಂಬ ನಿಯಮವೇನಿಲ್ಲ.

ಅಟ್ಯಾಕರ್‌ಗಳಿಗೆ ಲೇಸ್ ಬ್ರೇಸ್. ಓಟದ ಕೊನೆಯ ಹೆಜ್ಜೆಗಳಲ್ಲಿ ಪಾದ ಬಾಗಲು ಬಿಡುತ್ತಿಲ್ಲವೆಂದು ಎರಡು ವಾರದ ನಂತರವೂ ಅನಿಸಿದರೆ ಆಗ ಹಿಂಜ್ ಯೋಚಿಸಿ. ಲಿಫ್ಟರ್‌ಗಳು (ಸ್ಮ್ಯಾಶ್ ಹೊಡೆಯುವವರಿಗೆ ಚೆಂಡು ಎತ್ತಿಕೊಡುವವರು) ನಾವು ಸ್ಮ್ಯಾಶ್ ಹೊಡೆಯುವುದಿಲ್ಲ ಎಂದು ಬ್ರೇಸ್ ಬಿಡುತ್ತಾರೆ. ಆದರೆ ಅವರೂ ನೆಟ್‌ಗೆ ಅಂಟಿಕೊಂಡೇ ಜಿಗಿಯುತ್ತಾರೆ, ಮುಂದಿನ ಸಾಲಿಗೆ ಬಂದಾಗ ಬ್ಲಾಕ್ ಕೂಡ ಹಾಕುತ್ತಾರೆ. ಅವರಿಗೂ ಲೇಸ್. ಲಿಬೆರೊ ನೆಟ್‌ನಡಿ ಇಳಿಯುವುದಿಲ್ಲ, ಮಂಡಿ ಬಗ್ಗಿಸಿ ತಗ್ಗಿ ನಿಲ್ಲುತ್ತಾರೆ. ಹಿಂದೆ ಉಳುಕಿಲ್ಲದಿದ್ದರೆ ಬ್ರೇಸ್ ಬೇಡ, ಉಳುಕಿದ್ದರೆ ತೆಳು ಲೇಸ್ ಬ್ರೇಸ್.

ಕ್ರೀಡಾ ಹಾಸ್ಟೆಲ್‌ಗಳ ಹುಡುಗ ಹುಡುಗಿಯರು ಬೆಳಗ್ಗೆ ಸಂಜೆ ಎರಡು ಹೊತ್ತು ಅಭ್ಯಾಸ ಮಾಡುತ್ತಾರೆ. ಕಾಲೂ ಬೆಳೆಯುತ್ತಿರುತ್ತದೆ. ಅವರಿಗೆ ದುಬಾರಿಯದು ಬೇಡ, ಒಂದು ಸೀಸನ್ನಿಗೆ ಸೈಜ್ ಸಾಲದು. ಅಗ್ಗದ ಲೇಸ್ ಬ್ರೇಸ್ ಕೊಂಡು ವರ್ಷಕ್ಕೊಮ್ಮೆ ಬದಲಿಸಿ. ಬೆಳೆಯುವ ಮಕ್ಕಳಲ್ಲಿ ಲಿಗಮೆಂಟ್‌ಗಿಂತ ಮೊದಲು ಮೂಳೆಯ ಬೆಳವಣಿಗೆಯ ಭಾಗಕ್ಕೇ ಪೆಟ್ಟಾಗಬಹುದು. ಆದ್ದರಿಂದ ಅವರ ‘ಉಳುಕ’ನ್ನು ಡಾಕ್ಟರ್ ನೋಡಲೇಬೇಕು.

ಬ್ರೇಸ್ ಹಾಕಿದರೆ ಕಾಲು ಸೋಮಾರಿಯಾಗುತ್ತದೆ, ಪೆಟ್ಟು ಮಂಡಿಗೆ ಹೋಗುತ್ತದೆ ಎಂಬ ಮಾತು ಪ್ರತಿ ಅಂಕಣದಲ್ಲೂ ಕೇಳಿಸುತ್ತದೆ. 2011ರ ಆ ಅಧ್ಯಯನದಲ್ಲಿ ಮಂಡಿ ಗಾಯ ಹೆಚ್ಚಲಿಲ್ಲ. ಸ್ನಾಯು ಸೋಲುವುದು ವ್ಯಾಯಾಮ ಬಿಟ್ಟಿದ್ದರಿಂದ. ಡಚ್ ವಾಲಿಬಾಲ್ ತಂಡಗಳ ಮೇಲೆ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬ್ಯಾಲೆನ್ಸ್ ಬೋರ್ಡ್ ಅಭ್ಯಾಸದಿಂದ ಹಿಂದೆ ಉಳುಕಿದ್ದವರಲ್ಲಿ ಮತ್ತೆ ಉಳುಕುವುದು ಕಡಿಮೆಯಾಯಿತು. ನಾರ್ವೆಯಲ್ಲಿ 1990ರ ದಶಕದಲ್ಲಿ ಜಿಗಿಯುವ, ಇಳಿಯುವ ತಂತ್ರವನ್ನೂ ಬ್ಯಾಲೆನ್ಸ್ ಅಭ್ಯಾಸವನ್ನೂ ಕಲಿಸಿದ ಕಾರ್ಯಕ್ರಮದಿಂದ ಉಳುಕು ಅರ್ಧಕ್ಕಿಳಿಯಿತು. ಇದಕ್ಕೆ ದುಡ್ಡೇ ಬೇಡ: ಒಂಟಿ ಕಾಲಲ್ಲಿ 30 ಸೆಕೆಂಡು ಮೂರು ಸಲ, ಅಭ್ಯಾಸವಾದ ಮೇಲೆ ಕಣ್ಣು ಮುಚ್ಚಿ. ಹಿಮ್ಮಡಿ ಎತ್ತುವುದು 15ರಂತೆ ಮೂರು ಸಲ. ರಬ್ಬರ್ ಪಟ್ಟಿ ಕಟ್ಟಿ ಪಾದವನ್ನು ಹೊರಕ್ಕೆ ಎಳೆಯುವುದು 15ರಂತೆ ಮೂರು ಸಲ. ಇವೆಲ್ಲ ಬ್ರೇಸ್ ಬಿಚ್ಚಿ ಮಾಡುವ ವ್ಯಾಯಾಮಗಳು.

ಬ್ರೇಸ್ ಅಲ್ಲ, ಆಸ್ಪತ್ರೆ

ಉಳುಕಿದ ಕೂಡಲೇ ನಾಲ್ಕು ಹೆಜ್ಜೆ ಇಡಲಾಗದಿದ್ದರೆ, ಗಂಟಿನ ಒಳ ಹೊರ ಮೂಳೆಯ ಹಿಂಬದಿ ಅಥವಾ ತುದಿ ಒತ್ತಿದರೆ ನೋವಾದರೆ, ಕಿರುಬೆರಳಿನ ನೇರಕ್ಕೆ ಪಾದದ ನಡುವಿನ ಉಬ್ಬುಮೂಳೆ ನೋಯುತ್ತಿದ್ದರೆ ಎಕ್ಸ್‌ರೇ ಬೇಕು. ಗಂಟಿಗಿಂತ ಮೇಲೆ, ಎರಡು ಮೂಳೆಗಳ ನಡುವೆ ಹಿಂಡಿದಾಗ ನೋವಿದ್ದರೆ ಅದು ಬೇರೆಯೇ ಉಳುಕು. ಅದಕ್ಕೆ ಈ ಯಾವ ಬ್ರೇಸೂ ತಕ್ಕುದಲ್ಲ. ಮೊದಲ ಎರಡು ಮೂರು ದಿನ ಎಣ್ಣೆ ಹಚ್ಚಿ ನೀವಿಸುವುದು, ಎಳೆದು ‘ಕೂರಿಸುವುದು’ ಬೇಡ. ಹರಿದ ಲಿಗಮೆಂಟ್ ಇನ್ನಷ್ಟು ಹರಿಯುತ್ತದೆ, ಊತ ಏರುತ್ತದೆ.

ಎಷ್ಟು ದಿನ ಬಾಳಿಕೆ

ಉಳುಕಿದ ಮೇಲೆ ಕನಿಷ್ಠ ಆರು ತಿಂಗಳು, ಸಾಧ್ಯವಾದರೆ ವರ್ಷ, ಅಭ್ಯಾಸಕ್ಕೂ ಪಂದ್ಯಕ್ಕೂ ಬ್ರೇಸ್ ಇರಲಿ. ಪಂದ್ಯಕ್ಕೆ ಮಾತ್ರ ಹಾಕಿ ಅಭ್ಯಾಸಕ್ಕೆ ಬಿಡುವುದು ಕೂಡದು. ಲೇಸ್ ಬ್ರೇಸನ್ನು ವಾರಕ್ಕೊಮ್ಮೆ ತಣ್ಣೀರಲ್ಲಿ ಸೋಪು ಹಾಕಿ ಕೈಯಲ್ಲೇ ಒಗೆದು, ವೆಲ್ಕ್ರೋ ಮುಚ್ಚಿ, ನೆರಳಲ್ಲಿ ಒಣಗಿಸಿ. ಪ್ಲಾಸ್ಟಿಕ್ ಕಡ್ಡಿ ಹೊರಬರುವಂತಿದ್ದರೆ ಮೊದಲೇ ತೆಗೆದಿಡಿ. ಒದ್ದೆ ಬ್ರೇಸನ್ನು ಬ್ಯಾಗಿನಲ್ಲೇ ಬಿಟ್ಟರೆ ಮಲೆನಾಡು, ಕರಾವಳಿಯ ಮಳೆಗೆ ಎರಡೇ ದಿನದಲ್ಲಿ ಬೂಸ್ಟು ಬರುತ್ತದೆ. ವೆಲ್ಕ್ರೋದ ಧೂಳನ್ನು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತೆಗೆಯಿರಿ. ಲೇಸ್ ತೂತು ಉದ್ದಕ್ಕೆ ಹಿಗ್ಗಿದರೆ, ಪಟ್ಟಿ ಪೂರ್ತಿ ಎಳೆದರೂ ತುದಿ ಮುಟ್ಟಬೇಕಾದ ಜಾಗ ದಾಟಿ ಹೋಗುತ್ತಿದ್ದರೆ, ಹಿಂಜ್‌ನ ತೋಳಿನಲ್ಲಿ ಬಿಳಿ ಗೆರೆಯಂತೆ ಬಿರುಕು ಕಂಡರೆ, ಅದೇ ವಾರ ಹೊಸದು ತನ್ನಿ.